ಬೆಚ್ಚಗಿನ ರಾಶಿ, ತಣ್ಣಗಿನ ರಾಶಿ

ಕರೆದರೆ ಕಡಲು ಓಗೊಡುತ್ತಿದ್ದ ಕಾಲದಲ್ಲಿ ಮುತ್ತುಗಡಲು ಎಂಬ ರಾಜ್ಯವಿತ್ತು. ಅಲ್ಲಿಗೆ ವರ್ಷಕ್ಕೊಮ್ಮೆ ಕೇದರ ಮೀನಿನ ದಂಡು ಬರುತ್ತಿತ್ತು. ಬೆನ್ನು ನೀಲಿ, ಹೊಟ್ಟೆ ಬೆಳ್ಳಿ, ಒಂದೊಂದೂ ದೋಣಿಯಷ್ಟು ಉದ್ದ. ಇನ್ನೊಂದು ವಿಶೇಷ ಕೇಳಿ: ಬೇರೆ ಮೀನು ಮುಟ್ಟಿದರೆ ತಣ್ಣಗೆ, ಆಗಷ್ಟೇ ಹಿಡಿದ ಕೇದರದ ಮೈ ಮಾತ್ರ ಬೆಚ್ಚಗೆ. ಬಲೆಗೆ ಬಿದ್ದದ್ದನ್ನೆಲ್ಲ ಜನ ದಡದಲ್ಲೇ ಪಾಲು ಹಾಕುತ್ತಿದ್ದರು. ಪಾಲು ಹಾಕಿದವರು ತಮ್ಮ ಪಾಲನ್ನು ಕೊನೆಗೆ ಎತ್ತಬೇಕು, ಅದು ಕಡಲ ಕಟ್ಟಳೆ. ಮೋಸ ಮಾಡಿದರೆ ತನಗೇ ಪಂಗನಾಮ ತಾನೆ!

ಹೀಗಿರುವಾಗ ಜಾಲಮಾಯನೆಂಬ ಮಾಂತ್ರಿಕ ಬೆಟ್ಟದಂಥ ಕರಿಹಡಗಿನಲ್ಲಿ ಬಂದ. "ಪ್ರಭು, ದೊಡ್ಡ ಹಡಗಿಗೆ ದೊಡ್ಡ ಪಾಲು ಬೇಡವೇ?" ಎಂದು ರಾಜನ ತಲೆ ಸವರಿದ. ರಾಜ ಹೂಂ ಅಂದುಬಿಟ್ಟ. ಹತ್ತರಲ್ಲಿ ಒಂಬತ್ತು ಪಾಲು ಹಡಗಿಗೆ ಹೋಯಿತು. ಉಳಿದ ಒಂದಕ್ಕೆ ನೂರು ದೋಣಿ ಕಿತ್ತಾಡಬೇಕು. ಅವನ ಬಲೆಯೋ, ಅಬ್ಬಬ್ಬಾ, ಕಡಲಿನ ಈ ತುದಿಯಿಂದ ಆ ತುದಿಗೆ! ಕೇದರ ಇಟ್ಟುಕೊಂಡು ಆಮೆ, ಚಪ್ಪಟೆ ಮೈಯ ತೊರಕೆ ಮೀನು, ಮರಿಮೀನುಗಳನ್ನೆಲ್ಲ "ಕಸ" ಎಂದು ಬಿಸಿಲಿಗೆ ಬಿಸಾಡುತ್ತಿದ್ದ.

ದುಗ್ಗಿ ಎಂಬ ಹುಡುಗಿಯ ಅಪ್ಪ ಐತ, ಆ ಬಲೆಗೆ ಸಿಕ್ಕ ಆಮೆಯೊಂದನ್ನು ಬಿಡಿಸಲು ಹೋಗಿ, ಮಂತ್ರ ತಗುಲಿ ತಾನೇ ಆಮೆಯಾದ. ಹಡಗಿನ ಮೇಲಿನ ಕಸದ ರಾಶಿಗೆ ಬಿದ್ದ. ಆ ಬಿಸಿಲಲ್ಲಿ ಸಂಜೆವರೆಗೆ ಬದುಕುವುದುಂಟೇ? ದಡದಿಂದ ಇದನ್ನೆಲ್ಲ ಕಂಡ ದುಗ್ಗಿ ನೀರಿನತ್ತ ಓಡಿದಳು. ಒಬ್ಬಳೇ ದೋಣಿ ಇಳಿಸಿದಳು.

ದಾರಿಯಲ್ಲಿ ತೆಂಗಿನಮರದುದ್ದದ ಗರಗಸ ಮೀನು ಎದ್ದು ನಿಂತಿತು. "ಯಾರ ಪಾಲು ಕೇಳಲು ಹೊರಟೆ?"

"ನನ್ನಪ್ಪನ ಪಾಲು."

"ಹಿಂದೆ ಹೋಗು, ಸೀಳಿಬಿಟ್ಟೇನು!"

ಅದರ ದವಡೆಯಲ್ಲಿ ಜಾಲಮಾಯನ ಗಾಳ ನಾಟಿತ್ತು. "ಅಯ್ಯೋ, ಎಷ್ಟು ದಿನದಿಂದ ಈ ನೋವು ತಿಂತಿದ್ದೀಯೋ!" ಎಂದು ದುಗ್ಗಿ ಗಾಳ ಕಿತ್ತಳು. ಮೀನು ದಾರಿ ಬಿಟ್ಟಿತು.

ಹಡಗಿನ ಬುಡದಲ್ಲಿ ಮೋಡದಷ್ಟು ದೊಡ್ಡ ಕಡಲಹದ್ದು ಕೂತಿತ್ತು. "ಯಾರ ಪಾಲು ಕೇಳಲು ಹೊರಟೆ?"

"ನನ್ನಪ್ಪನದು. ನಮ್ಮೂರಿನದೂ."

"ಹಿಂದೆ ಹೋಗು, ಕುಕ್ಕಿಬಿಟ್ಟೇನು!"

ಅದರ ರೆಕ್ಕೆಗೆ ಹರಕು ಬಲೆ ಸುತ್ತಿತ್ತು. ದುಗ್ಗಿ ಚೂರಿಯಿಂದ ಕೊಯ್ದು ಬಿಡಿಸಿದಳು. ಹದ್ದು ಅವಳನ್ನೆತ್ತಿ ಹಡಗಿನ ಮೇಲೆ ಇಳಿಸಿತು.

ಅಲ್ಲಿ ರಾಜನೂ ಜಾಲಮಾಯನೂ ಪಾಲಿನ ಮಾತಾಡುತ್ತಿದ್ದರು. ದುಗ್ಗಿ ಕೈಮುಗಿದಳು. "ಒಡೆಯಾ, ಕಡಲ ಕಟ್ಟಳೆ ಮರೆತಿರಾ? ಬಲೆಗೆ ಬಿದ್ದದ್ದೆಲ್ಲ ಪಾಲಿಗೆ ಬರಬೇಕು. ಪಾಲು ಹಾಕಿದವರು ಕೊನೆಗೆ ಎತ್ತಬೇಕು."

ರಾಜನಿಗೆ ನಾಚಿಕೆಯಾಯಿತು. "ಹೌದು, ನಮ್ಮಜ್ಜ ಹಾಗೇ ಮಾಡುತ್ತಿದ್ದರು. ಹಾಕಯ್ಯಾ ಪಾಲು!"

ಜಾಲಮಾಯ ತುಟಿಯಲ್ಲೇ ಏನೋ ಗೊಣಗಿ ಎರಡು ರಾಶಿ ಹಾಕಿದ. ಒಂದರಲ್ಲಿ ಕೇದರ ಥಳಥಳ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಆಮೆ, ತೊರಕೆ, ಗಬ್ಬುನಾತ. "ಎತ್ತಿಕೋ ತಂಗಿ, ಮೊದಲ ಪಾಲು ನಿಂದೇ!"

ದುಗ್ಗಿ ನಾರುವ ರಾಶಿಯಲ್ಲಿ ಅಪ್ಪನನ್ನು ಹುಡುಕಲು ಕೈಯಿಟ್ಟಳು. ಬೆಚ್ಚಗಿತ್ತು! ಹೊಳೆಯುವ ರಾಶಿಗೆ ಕೈಯಿಟ್ಟಳು, ತಣ್ಣಗಿತ್ತು. ಓಹೋ, ಕಣ್ಕಟ್ಟು! ಆ ತಣ್ಣಗಿನ ರಾಶಿಯೊಳಗೆ ಯಾವುದೋ ಜೀವ ಅವಳ ಮಣಿಕಟ್ಟನ್ನು ಮೆಲ್ಲಗೆ ಒತ್ತಿತು. ಅಪ್ಪನೇ.

ಬೆಚ್ಚಗಿನದು ಎತ್ತಿದರೆ ಊರಿಗೆ ವರ್ಷದ ಅನ್ನ. ತಣ್ಣಗಿನದು ಎತ್ತಿದರೆ ಅಪ್ಪ, ಜೊತೆಗೆ ಸಾಯುತ್ತಿರುವ ಸಾವಿರ ಜೀವ. ದುಗ್ಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಹೊಳೆಯುವ ರಾಶಿ ತೋರಿಸಿ ಅಂದಳು: "ಇವು ಕೇದರವಲ್ಲ, ನೀನು ಕಸ ಅಂದವು. ಗೊತ್ತಿದ್ದೇ ಕೇಳುತ್ತಿದ್ದೇನೆ. ನನಗೆ ಇವೇ ಬೇಕು."

ಕಣ್ಕಟ್ಟು ಹರಿಯಿತು. ದುಗ್ಗಿ ಒಂದೊಂದನ್ನೇ, ಆಮೆಯಾದ ಅಪ್ಪನನ್ನೂ, ನೀರಿಗೆ ಬಿಟ್ಟಳು. ನಾಚಿಕೆ ಬಿಟ್ಟು ರಾಜನೂ ಕೈಜೋಡಿಸಿದ. ನೀರು ಮುಟ್ಟಿದ್ದೇ ತಡ, ಪ್ರತಿ ಜೀವವೂ ದೀಪದಂತೆ ಹೊತ್ತಿಕೊಂಡಿತು. ನಡುಹಗಲಲ್ಲಿ ಕಡಲ ತುಂಬ ಬೆಳಕೋ ಬೆಳಕು! ಆಗ ಕಡಲೇ ಎದ್ದು ನಿಂತಿತು, ಆಕಾಶದವರೆಗೆ. ಬಲೆಯ ಗಂಟೆಲ್ಲ ತಾನಾಗಿ ಬಿಚ್ಚಿತು. ಕರಿಹಡಗು ಹಲಗೆ ಹಲಗೆಯಾಗಿ ನೊರೆಯಾಯಿತು. ಅಲೆಯೊಂದು ಎಲ್ಲರನ್ನೂ, ಕೇದರದ ರಾಶಿಯನ್ನೂ, ಎತ್ತಿ ತಂದು ದಡದಲ್ಲಿಟ್ಟಿತು.

ಮರಳಲ್ಲಿ ಹೆಬ್ಬೆರಳುದ್ದದ ಮೀನೊಂದು ಒದ್ದಾಡುತ್ತಿತ್ತು. ಅದೇ ಜಾಲಮಾಯ. "ಕಸ! ಬಿಸಾಡು!" ಎಂದ ರಾಜ.

"ಬೇಡಿ ಒಡೆಯಾ, ಇದೂ ಕಡಲಿನದೇ," ಎಂದು ದುಗ್ಗಿ ಅದನ್ನು ಬೊಗಸೆಯಲ್ಲಿ ಒಯ್ದು ನೀರಿಗೆ ಬಿಟ್ಟಳು.

ಅಂದು ರಾಜ ತನ್ನ ಕೈಯಾರೆ ನೂರೊಂದು ಪಾಲು ಹಾಕಿ, ಕೊನೆಯದನ್ನು ತಾನು ಎತ್ತಿಕೊಂಡ. ಅಂದಿನಿಂದ ಮುತ್ತುಗಡಲಲ್ಲಿ ಹಸಿದು ಮಲಗಿದವರಿಲ್ಲ. ಆ ದಿನ ಪಾಲು ನಡೆಯುತ್ತಿರುವಾಗಲೇ ಹಿಂದಿನಿಂದ ಯಾರೋ ದುಗ್ಗಿಯ ಮಣಿಕಟ್ಟು ಹಿಡಿದರು. ತಿರುಗಿ ನೋಡಿದರೆ ಅಪ್ಪ. ಕೈ ಬೆಚ್ಚಗಿತ್ತು.