ಅವನ ಫೋನು, ಅವಳ ಓಟ

ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದ ಮೈತ್ರಿ ದಿನಾ ಬೆಳಿಗ್ಗೆ ಶಹಾಬಾದಿನ ಮೈದಾನಕ್ಕೆ ಓಡಲು ಬರುತ್ತಿದ್ದಳು. ಅಲ್ಲೇ ಫುಟ್‌ಬಾಲ್ ಆಡುತ್ತಿದ್ದ ಅಜಯಕುಮಾರ, ಚೆಂಡು ಅವಳ ಕಾಲಬುಡಕ್ಕೇ ಉರುಳುವಂತೆ ಒದೆಯುತ್ತಿದ್ದ.

"ಗುರಿ ತಪ್ತೇನು?"

"ಸರಿಯಾದ ಕಡಿಗೇ ಬಂದದ ನೋಡು."

ನಗು ತಡೆಯಲು ಅವಳು ತುಟಿ ಕಚ್ಚುವಳು. ಅವನು ಚೆಂಡು ಮರೆತು ನಿಲ್ಲುವನು.

ಒಂದು ದಿನ ಅವನು ಕುಂಟುತ್ತ ಬಂದ.

"ಕಾಲು ಉಳುಕ್ಯಾದ, ಮೈತ್ರಿ. ನಿನ್ನ ಜೋಡಿ ಓಡಾಕ ಆಗಂಗಿಲ್ಲ. ನನ್ನ ಫೋನಾದ್ರೂ ಕರಕೊಂಡು ಹೋಗು. ನಾನೇ ಬಾಜೂಕ ಇದ್ದಂಗ ಆಗ್ತದ."

ತಾನೇ ಅದನ್ನು ಅವಳ ತೋಳಿಗೆ ಕಟ್ಟಿದ. ಬೆರಳುಗಳು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಅಲ್ಲಿದ್ದವು. ಅಂದಿನಿಂದ ಮೈತ್ರಿ ದಿನಾ ಅದನ್ನು ಕಟ್ಟಿಕೊಂಡೇ ಕಲ್ಲಿನ ಖಣಿಗಳನ್ನು ದಾಟಿ ಕಾಗಿಣಾ ಹೊಳೆಯ ದಂಡೆಯವರೆಗೂ ಓಡಿದಳು. ಅಷ್ಟು ಹಗುರವಾಗಿ ಅವಳು ಎಂದೂ ಓಡಿರಲಿಲ್ಲ.

ಅಜಯ ಸೇರಬೇಕೆಂದಿದ್ದ ಲೀಗ್ ತಂಡದ ಆಯ್ಕೆ ಹತ್ತಿರದ ವಾಡಿ ಊರಿನಲ್ಲಿತ್ತು. ಅವನಿಗೆ ಹೇಳದೆ, ಸಂತೋಷಪಡಿಸಲೆಂದು ಮೈತ್ರಿಯೂ ಹೋದಳು. ಕೋಚ್ ಬಂದೇಅಲಿ ಎಲ್ಲ ಆಟಗಾರರ ಮೊಬೈಲಿಗೂ ಒಂದು ಆ್ಯಪ್ ಹಾಕಿಸಿದ್ದರು. ಯಾರು ಎಷ್ಟು ಓಡಿದರು, ಯಾವ ವೇಗದಲ್ಲಿ ಓಡಿದರು ಎಂಬುದು ಅವರಿಗೆ ಕೂತಲ್ಲೇ ಕಾಣುತ್ತಿತ್ತು.

"ಕಡೀ ಜಾಗಾಕ್ಕ ಶಾಹನವಾಜ ಇಲ್ಲಾ ಅಜಯ ಅಂತ ಭಾಳ ವಿಚಾರ ಮಾಡಿದೆ," ಎಂದು ಅವರು ತಮ್ಮ ಫೋನನ್ನು ಎತ್ತಿ ತೋರಿಸಿದರು. "ನೋಡ್ರಿ, ಕಾಲು ನೋವಿದ್ರೂ ಅಜಯ ದಿನಾ ಹೊಳಿ ದಂಡಿತನ ಓಡ್ಯಾನ. ಜಾಗಾ ಅವಂದೇ."

ಪರದೆಯ ಮೇಲೆ ಓಟದ ದಾರಿ ತೋರುವ ನೀಲಿ ಗೆರೆ ಖಣಿಗಳನ್ನು ಬಳಸಿ, ಅವಳು ನೀರು ಕುಡಿಯಲು ನಿಲ್ಲುತ್ತಿದ್ದ ಚಿಕ್ಕಮ್ಮ ಅನಸುಬಾಯಿಯ ಮನೆಗೂ ಹೋಗಿ ಬಂದಿತ್ತು. ಶಾಹನವಾಜ ಬೂಟು ಬಿಚ್ಚತೊಡಗಿದ.

ಗೋಡೆಯ ಹಿಂದೆ ಮೈತ್ರಿ ಅಜಯನನ್ನು ತಡೆದಳು.

"ಕಾಲು ವಾಸಿ ಆಗೋತನ ಅಷ್ಟ," ಎಂದ ಅವನು. "ನಿನಗೇನು ನುಕ್ಸಾನ ಆತು? ನೀ ಹೆಂಗೂ ಓಡಾಕಿ."

ಹೊಡೆದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

"ಮೊದಲ ದಿನ ಫೋನ ಕಟ್ಟಿದ್ಯಲ್ಲ, ಆವಾಗ ನಿನ್ನ ಮನಸ್ಸಿನ್ಯಾಗ ಏನಿತ್ತು? ಖರೇ ಹೇಳು."

ಅವನು ನೆಲ ನೋಡಿದ. "ಓಟ ಬೇಕಾಗಿತ್ತು. ಆಮ್ಯಾಲ ನೀನೂ ಬೇಕಾದಿ."

"ಯಾವಾಗಿಂದ?"

ಅವನು ಬೂಟಿನ ತುದಿಯಿಂದ ಮಣ್ಣು ಕೆದಕಿದ.

"ಸರ್‌ಗೆ ನೀ ಹೇಳ್ತಿ, ಇಲ್ಲಂದ್ರ ನಾ ಹೇಳ್ತೀನಿ. ಶಾಹನವಾಜನ ಜಾಗಾ ಅದು."

ಅವನು ಹೋಗಿ ಹೇಳಿದ. ಬಂದೇಅಲಿ ಅವನ ಹೆಗಲ ಮೇಲಿಟ್ಟಿದ್ದ ಕೈ ತೆಗೆದದ್ದು ದೂರದಿಂದಲೇ ಕಂಡಿತು.

ಅವಳು ಸ್ಟೇಷನ್ ಸೇರಿ ಶಹಾಬಾದಿಗೆ ಹೋಗುವ ಪ್ಯಾಸೆಂಜರ್ ಗಾಡಿಯ ಕಿಟಕಿಯ ಬಳಿ ಕೂತಳು. ಗಾಡಿ ಹೊರಡುವ ಹೊತ್ತಿಗೆ ಅಜಯ ಬಂದ.

"ಹೇಳಿದೆ, ಮೈತ್ರಿ. ಎಲ್ಲಾ ಹೇಳಿದೆ. ನಾಳಿ ಮೈದಾನಕ್ಕ ಬರ್ತಿಯಿಲ್ಲ?"

ಬರುತ್ತೇನೆ ಎನ್ನಲು ಅವಳು ಬಾಯಿ ತೆರೆದಳು. ಅವನು ಫೋನು ಕಟ್ಟಿದಾಗ ತೋಳು ಎಷ್ಟು ಹಿಗ್ಗಿತ್ತು ಎಂಬುದು ನೆನಪಾಯಿತು.

"ಇಲ್ಲ," ಎಂದಳು.

ಗಾಡಿ ಚಲಿಸಿತು. ಅವನು ಕುಂಟುತ್ತಲೇ ಪಕ್ಕದಲ್ಲಿ ಓಡತೊಡಗಿದ.

"ಓಡಬ್ಯಾಡ ಅಜಯ, ಕಾಲು ಕೆಡ್ತದ," ಎಂದಳು. ಆಮೇಲೆ ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡಳು.