ಕ್ಯಾಸೆಟ್ಟಿನ ಕೊನೆಯ ಮೂರು ನಿಮಿಷ

“ನೀವು ಒಂದು ಹಾಡನ್ನ ಕೊಂದುಬಿಟ್ಟಿದ್ದೀರಿ.”

ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಸ್ವರ ರೆಕಾರ್ಡಿಂಗ್ ಸೆಂಟರಿನ ಕೌಂಟರಿನ ಮೇಲೆ ಕ್ಯಾಸೆಟ್ ಇಟ್ಟು ಅವಳು ಹೀಗೆ ಅಂದಾಗ, ಒಳಗೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಜ್ಞಾನೇಶ್ ತಲೆಯೆತ್ತಿದ. ಮತ್ತೆ ತಗ್ಗಿಸುವುದು ಅವನಿಗೆ ಮರೆತೇಹೋಯಿತು.

ಅದು ತೊಂಬತ್ತೆಂಟರ ಜನವರಿ. ತಿಳಿನೀಲಿ ಚೂಡಿದಾರ, ಹೆಗಲಲ್ಲಿ ಬ್ಯಾಗು, ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ದಣಿವು. ದನಿ ಏರಿಸದೆ, ತುಂಬಾ ದುಃಖದಿಂದ, ಅವಳು ಆ ಅಪರಾಧವನ್ನು ವಿವರಿಸಿದಳು. ‘ಸಿಲ್ವರ್ ಫೆರ್ರಿ’ ಎಂಬ ಬ್ಯಾಂಡಿನ ಮೊದಲ ಆಲ್ಬಮ್. ಏಳನೇ ಹಾಡು. ಗಿಟಾರು ಮೇಲೇರುತ್ತ ಏರುತ್ತ ಹೋಗಿ, ಇನ್ನೇನು ಹಾಡುಗಾರನಿಗೆ ರಾಗವನ್ನು ಒಪ್ಪಿಸಬೇಕು... ಅಷ್ಟರಲ್ಲಿ ಟೇಪು ಮುಗಿದು ಟಕ್ ಅಂತ ನಿಂತುಬಿಡುತ್ತದೆ. ಉಳಿದ ಅರ್ಧ ಹಾಡು ಇನ್ನೊಂದು ಬದಿಯಲ್ಲಿ.

“ಕ್ಯಾಸೆಟ್ ತಿರುಗಿಸಿ ಹಾಕೋ ಹೊತ್ತಿಗೆ ನಾನೆಲ್ಲಿದ್ದೆ ಅನ್ನೋದೇ ಮರೆತುಹೋಗುತ್ತೆ ರೀ,” ಅಂದಳು.

ಅಂಗಡಿ ಇಟ್ಟ ಮೂರು ವರ್ಷದಲ್ಲಿ ಗಿರಾಕಿಗಳು ಟೇಪು ಸಿಕ್ಕಿಕೊಂಡಿತೆಂದು ಬೈದಿದ್ದರು, ಹಾಡು ಕಡಿಮೆಯಾಯಿತೆಂದು ಜಗಳ ತೆಗೆದಿದ್ದರು. ಒಂದು ಹಾಡಿಗಾಗಿ ಇಷ್ಟು ನೊಂದುಕೊಂಡವರನ್ನು ಜ್ಞಾನೇಶ್ ನೋಡಿರಲಿಲ್ಲ. ಎದ್ದು ನಿಂತು ತಪ್ಪಾಯಿತು ಅಂದ. ದಾರಿಯುದ್ದಕ್ಕೂ ಜಗಳಕ್ಕೆ ತಯಾರಾಗಿ ಬಂದವಳು ಹೆಗಲಿನ ಬ್ಯಾಗನ್ನು ಕೆಳಗಿಳಿಸಿದಳು.

ಅರವತ್ತು ನಿಮಿಷದ ಕ್ಯಾಸೆಟ್ಟಿನ ಹಣೆಬರಹವೇ ಅಷ್ಟು ಎಂದು ಅವನು ತಿಳಿಹೇಳಿದ. ತೊಂಬತ್ತರದ್ದು ತೆಗೆದುಕೊಂಡರೆ ಒಂದೊಂದು ಬದಿಗೆ ಒಂದೊಂದು ಇಡೀ ಆಲ್ಬಮ್ ಹಿಡಿಸುತ್ತದೆ. ಕೊನೆಗೆ ಮೂರು ನಿಮಿಷ ಟೇಪು ಮಿಗುತ್ತದೆ. ಖಾಲಿ ಬಿಟ್ಟರೆ ಗಿರಾಕಿಗಳಿಗೆ ಸಮಾಧಾನವಿಲ್ಲ. ಹಾಗಾಗಿ ಊರಿನ ರೆಕಾರ್ಡಿಂಗ್ ಅಂಗಡಿಯವರೆಲ್ಲ ಅಲ್ಲಿಗೆ ಯಾವುದಾದರೊಂದು ಹಾಡು ತುರುಕುತ್ತಾರೆ.

“ತುರುಕಬೇಡಿ,” ಅಂದಳು ಅವಳು. “ಅದೇ ಬ್ಯಾಂಡಿಂದು ಏನಾದ್ರೂ ಇದ್ರೆ ಹಾಕಿ.”

“ಅದೇ ಬ್ಯಾಂಡಿಂದೇ ಹಾಕ್ತೀನಿ ಮೇಡಂ.”

ಈ ಮಾತನ್ನು ಅವನು ನಾಲ್ಕು ಆಲ್ಬಮ್‌ಗಳವರೆಗೆ ಉಳಿಸಿಕೊಂಡ.

ಅವಳ ಹೆಸರು ಮೈತ್ರಿ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನವಳು. ಅಪ್ಪ ಧರ್ಮಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಬಿ.ಎ. ಮುಗಿಸಿದ ಮೇಲೆ ಅವಳು ಶಿವಮೊಗ್ಗದ ಒಂದು ವಾರಪತ್ರಿಕೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಬರೆದದ್ದನ್ನೆಲ್ಲ ಕಂಪೋಸ್ ಮಾಡುತ್ತಿದ್ದಳು. ಒಂದು ವಾರ ಜಾಹೀರಾತು ಬಾರದೆ ಪುಟದಲ್ಲಿ ಜಾಗ ಉಳಿದಾಗ ಸಂಪಾದಕ ಸುಬ್ಬಪ್ಪನವರು, ಏನಾದರೂ ಬರೆದು ಹಾಕಮ್ಮ ಅಂದರು. ಅವಳು ತನಗಿಷ್ಟವಾದ ಕ್ಯಾಸೆಟ್ಟಿನ ಬಗ್ಗೆ ಬರೆದಳು. ‘ಈ ವಾರದ ಕ್ಯಾಸೆಟ್’ ಅಂಕಣ ಹುಟ್ಟಿದ್ದು ಹಾಗೆ. ಕೆಳಗೆ ಎಂ.ಡಿ. ಎಂದಷ್ಟೇ ಸಹಿ. ನವುಲೆಯ ಕೃಷಿ ಕಾಲೇಜಿನ ಹುಡುಗರು ಪತ್ರ ಬರೆದಾಗ ‘ಮಾನ್ಯ ಡಾಕ್ಟರೇ’ ಎಂದೇ ಶುರುಮಾಡುತ್ತಿದ್ದರು. ಅವಳು ನಕ್ಕು ಆ ಪತ್ರಗಳನ್ನು ಜೋಪಾನವಾಗಿ ಎತ್ತಿಡುತ್ತಿದ್ದಳು.

ಆ ಅರ್ಧ ಪುಟವೇ ಅವಳ ಆಸ್ತಿ. ವಾರವಿಡೀ ಬೇರೆಯವರ ಮಾತನ್ನು ಒತ್ತುವ ಬೆರಳುಗಳಿಗೆ ಅಲ್ಲಿ ಮಾತ್ರ ಸ್ವಂತ ಮಾತು. ಕೇಳಿದ್ದನ್ನು ಕೇಳಿದ ಹಾಗೇ ಬರೀತೀನಿ, ನನ್ನ ಕಿವಿ ನನಗೆ ಸುಳ್ಳು ಹೇಳಲ್ಲ... ಈ ಒಂದು ಹೆಮ್ಮೆ ಅವಳಿಗಿತ್ತು.

ಸಿಲ್ವರ್ ಫೆರ್ರಿಯ ಐದೂ ಆಲ್ಬಮ್‌ಗಳ ಬಗ್ಗೆ ಸಾಲಾಗಿ ಬರೆಯಬೇಕೆಂದು ಅವಳು ನಿಶ್ಚಯಿಸಿದ್ದಳು. ಸ್ವೀಡನ್ನಿನ ನಾಲ್ವರು ಹುಡುಗರು. ಗಿಟಾರು ಸಿಡಿಯುತ್ತದೆ, ಡ್ರಮ್ಮು ಗುಡುಗುತ್ತದೆ, ಆದರೂ ರಾಗ ಮಾತ್ರ ಕೈಬಿಡುವುದಿಲ್ಲ. ಎರಡು ಸಲ ಕೇಳಿದರೆ ಪಾತ್ರೆ ತೊಳೆಯುವಾಗ ನಾವೇ ಗುನುಗಬಹುದು. ಇಂಥದ್ದಕ್ಕೆ ಮೆಲೋಡಿಕ್ ಹಾರ್ಡ್ ರಾಕ್ ಅನ್ನುತ್ತಾರೆಂದು ಜ್ಞಾನೇಶ್ ಹೇಳಿಕೊಟ್ಟ. ಅವಳು ಅದನ್ನು ‘ಜೋರು ದನಿಯ ಮೆತ್ತನೆ ಹಾಡು’ ಎಂದು ಬರೆದಳು. ಮೊದಲನೆಯ ಆಲ್ಬಮ್ ಹೊಸ ಬೈಕು ಕೊಂಡ ಹುಡುಗರ ಖುಷಿ ಅಂದಳು. ಎರಡನೆಯದರ ಹೊತ್ತಿಗೆ ಯಾರೋ ಹುಡುಗಿ ಕೈಕೊಟ್ಟಿದ್ದಾಳೆ, ಹಾಡು ಸುಧಾರಿಸಿದೆ. ಮೂರನೆಯದರಲ್ಲಿ ಡ್ರಮ್ಮಿನವನನ್ನು ಸ್ವಲ್ಪ ಹೊತ್ತು ಕಾಫಿ ಕುಡಿಯಲು ಕಳಿಸಬೇಕಿತ್ತು. ನಾಲ್ಕನೆಯದರಲ್ಲಿ ಹೆಸರು ಬಂದಿದೆ, ಹಸಿವು ಹೋಗಿದೆ.

ಪ್ರತಿ ಶನಿವಾರ ಮಧ್ಯಾಹ್ನ ಅವಳು ಅಂಗಡಿಗೆ ಬರುವಳು. ಜ್ಞಾನೇಶ್ ಹೆಡ್‌ಫೋನ್ ಒರೆಸಿ ಕೊಡುವನು. ಅವಳು ಕಣ್ಣು ಮುಚ್ಚಿ ಕೇಳುವಾಗ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು, ತುಟಿಯಂಚಿನಲ್ಲಿ ನಗು ಬಂದು ಹೋಗುತ್ತಿತ್ತು. ಎದುರು ಗಿರಾಕಿ ಎರಡು ಸಲ ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಸಂಜೆ ಅವಳು ವಾಕ್‌ಮನ್ ಹಾಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂರುವಳು. ಹೊನ್ನಿನ ಬಣ್ಣದ ಬಿಸಿಲು, ಹಿಂದಕ್ಕೆ ಓಡುವ ಗದ್ದೆ, ಕಿವಿಯಲ್ಲಿ ಯಾವುದೋ ದೂರದ ದೇಶದ ಗಿಟಾರು. ಕಾಗದದ ತಿರುಳಿನ ವಾಸನೆ ಮೂಗಿಗೆ ಬಂದರೆ ಊರು ಬಂತು, ಆಲ್ಬಮ್ಮಿನಲ್ಲಿ ಇನ್ನೊಂದೇ ಹಾಡು ಉಳಿದಿದೆ ಎಂದು ಲೆಕ್ಕ. ಅಷ್ಟು ಹೊತ್ತೂ ಅವಳ ಕಣ್ಣೆದುರು ಇರುತ್ತಿದ್ದದ್ದು ಸ್ವೀಡನ್ ಅಲ್ಲ. ಟೇಪಿನ ಸಿಕ್ಕು ಬಿಡಿಸುವ ಎರಡು ಉದ್ದನೆಯ ಕೈಗಳು. ಛೇ, ಇದೇನು ನನಗೆ... ಎಂದು ತನ್ನನ್ನೇ ಗದರಿಕೊಂಡು ಮತ್ತೆ ಅದನ್ನೇ ನೆನೆಯುತ್ತಿದ್ದಳು.

ಇಲ್ಲೊಂದು ಗುಟ್ಟಿದೆ. ಅವಳಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಲಿ. ಜ್ಞಾನೇಶನಿಗೆ ಗಿಟಾರು ಬರುತ್ತಿತ್ತು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಮುರುಗೇಶಪ್ಪನವರಿಗೆ ಮಗ ಕ್ಯಾಸೆಟ್ ಮಾರುವುದೇ ಅವಮಾನ, ಇನ್ನು ಗಿಟಾರಿನ ಸುದ್ದಿ ಅವರವರೆಗೆ ಹೋಗಿರಲಿಲ್ಲ. ಹುಡುಗ ಮಹಾ ಸಂಕೋಚದವನು. ಮೇಡಂ ಅನ್ನುವುದರ ಆಚೆಗೆ ಅವಳ ಹತ್ತಿರ ಒಂದು ಮಾತೂ ಹೊರಡುತ್ತಿರಲಿಲ್ಲ. ಐದನೇ ಆಲ್ಬಮ್ ರೆಕಾರ್ಡ್ ಆಗಿ ಮೂರು ನಿಮಿಷ ಮಿಕ್ಕಾಗ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅವಳಿಗೆಂದೇ ಕಟ್ಟಿದ್ದ ಒಂದು ರಾಗವನ್ನು ನುಡಿಸಿ ತುಂಬಿಸಿದ. ಮಾತಿಲ್ಲ, ಬರೀ ಗಿಟಾರು. ಅವಳ ಕಿವಿ ಚುರುಕು, ಇದು ಯಾರದು ಅಂತ ಕೇಳಿಯೇ ಕೇಳುತ್ತಾಳೆ, ಆಗ ಹೇಳಿಬಿಡುತ್ತೇನೆ ಎಂದುಕೊಂಡ.

ಅವಳು ಕೇಳಲಿಲ್ಲ. ಅದೇ ಬ್ಯಾಂಡಿಂದೇ ಹಾಕ್ತೀನಿ ಎಂದವನ ಮಾತನ್ನು ನಂಬಿದ್ದಳು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಆ ಮೂರು ನಿಮಿಷವನ್ನು ಏಳೆಂಟು ಸಲ ತಿರುಗಿಸಿ ಕೇಳಿದಳು. ಎದೆಯೊಳಗೆ ಯಾರೋ ಬಂದು ಸದ್ದಿಲ್ಲದೆ ಕೂತ ಹಾಗಾಯಿತು. ಆಮೇಲೆ ಒಂದೇ ಉಸಿರಿಗೆ ಬರೆದಳು:

“ಆಲ್ಬಮ್ಮಿನ ಕಟ್ಟಕಡೆಗೆ ಹೆಸರೇ ಇಲ್ಲದ ಒಂದು ಪುಟ್ಟ ರಾಗವಿದೆ. ಇಷ್ಟು ದಿನ ಕೂಗಿ ಹಾಡಿದವರು ಇಲ್ಲಿ ಪಿಸುಗುಟ್ಟಿದ್ದಾರೆ. ಇದನ್ನು ನುಡಿಸಿದವನು ಯಾರನ್ನೋ ಪ್ರೀತಿಸುತ್ತಿದ್ದಾನೆ, ಅವಳಿಗೆ ಇನ್ನೂ ಹೇಳಿಲ್ಲ. ಐದೂ ಆಲ್ಬಮ್ ವಾಪಸ್ ತೆಗೆದುಕೊಂಡು ಈ ಮೂರು ನಿಮಿಷ ಮಾತ್ರ ಕೊಡುತ್ತೇವೆ ಎಂದರೂ ನಾನು ಒಪ್ಪುತ್ತೇನೆ.”

ಶುಕ್ರವಾರ ಪತ್ರಿಕೆ ಬಂತು. ಜ್ಞಾನೇಶ್ ಆ ಸಾಲುಗಳನ್ನು ಎಷ್ಟು ಸಲ ಓದಿದನೋ ಅವನಿಗೇ ಗೊತ್ತಿಲ್ಲ. ಮರುದಿನ ಅವಳು ಮುಖವರಳಿಸಿಕೊಂಡು ಬಂದು ಆ ರಾಗದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದಳು. ಈಗ ಹೇಳಬೇಕು, ಈಗಲೇ ಹೇಳಬೇಕು... ಅವನು ಬಾಯಿ ತೆರೆದ.

“ಕಾಫಿ ತರಿಸ್ಲಾ ಮೇಡಂ?”

ಬುಧವಾರ ಆಫೀಸಿಗೆ ನವುಲೆಯ ಹಾಸ್ಟೆಲ್ಲಿನಿಂದ ಒಂದು ಪತ್ರ ಬಂತು. ಬರೆದವನು ಮಧು ಎಂಬ ವಿದ್ಯಾರ್ಥಿ. ವಿದೇಶದಲ್ಲಿದ್ದ ಸೋದರಮಾವ ಅವನಿಗೆ ಆ ಆಲ್ಬಮ್ಮಿನ ಅಸಲಿ ಸಿ.ಡಿ. ಕಳಿಸಿದ್ದರು. ಅದರಲ್ಲಿ ಇರುವುದು ಹತ್ತೇ ಹಾಡು. ಡಾಕ್ಟರು ಹೊಗಳಿದ ರಾಗ ಅದರಲ್ಲಷ್ಟೇ ಅಲ್ಲ, ಆ ಬ್ಯಾಂಡಿನ ಯಾವ ಆಲ್ಬಮ್ಮಿನಲ್ಲೂ ಇಲ್ಲ. ಅವರು ಆಲ್ಬಮ್ ಕೇಳದೆಯೇ ಬರೆದಿದ್ದಾರೆ, ಇಲ್ಲವೇ ಕನಸು ಕಂಡಿದ್ದಾರೆ ಎಂದಿತ್ತು.

ಓದುಗರ ಪತ್ರಗಳನ್ನು ಕಂಪೋಸ್ ಮಾಡುವ ಕೆಲಸ ಮೈತ್ರಿಯದೇ. ಅದನ್ನು ಬೇರೆ ಯಾರೂ ನೋಡಿರಲಿಲ್ಲ, ಹರಿದು ಬುಟ್ಟಿಗೆ ಹಾಕಿದ್ದರೆ ಕೇಳುವವರೂ ಇರಲಿಲ್ಲ. ಆದರೂ ಅವಳು ಒಂದಕ್ಷರ ಬಿಡದೆ ಕಂಪೋಸ್ ಮಾಡಿ ಸುಬ್ಬಪ್ಪನವರ ಮುಂದಿಟ್ಟಳು. ಅವರು ಬೈಯಲಿಲ್ಲ. ಮುಂದಿನ ವಾರ ಈ ಪತ್ರದ ಜೊತೆ ನಿನ್ನ ಉತ್ತರ ಹಾಕೋಣ ಅಂದರು. ಉತ್ತರ ಇಲ್ಲವಾದರೆ ಅಂಕಣ ನಿಲ್ಲಿಸುವುದೇ ಮರ್ಯಾದೆ.

ಅವಳು ಸೀದಾ ಅಂಗಡಿಗೆ ಹೋದಳು.

“ಆ ಕೊನೇದು ಅಸಲಿ ಸಿ.ಡಿ.ಯಲ್ಲಿ ಇಲ್ಲ ಅಂತ ಪೇಪರಿಗೆ ಪತ್ರ ಬಂದಿದೆ. ಅದು ಯಾರದು?”

ಇಷ್ಟು ದಿನ ಅವನು ಕಾದಿದ್ದ ಪ್ರಶ್ನೆ. ಅವಳ ಮುಖ ನೋಡಿದ ಮೇಲೆ ಅವನಿಗೆ ಭಯವಾಯಿತು.

“ನಂದು,” ಅಂದ. “ನಾನೇ ನುಡಿಸಿದ್ದು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಕಣ್ಣು ತುಂಬಿಕೊಂಡಿತು.

“ಶನಿವಾರ ನಾನು ಇಲ್ಲೇ ನಿಂತು ಅದ್ರ ಬಗ್ಗೆ ಅಷ್ಟು ಮಾತಾಡಿದೆ. ನೀವು ಕಾಫಿ ತರಿಸಿದ್ರಿ. ಇನ್ಮೇಲೆ ಏನು ಕೇಳಿದ್ರೂ ನನ್ನ ಕಿವೀನ ನಾನು ಹೆಂಗೆ ನಂಬ್ಲಿ ಹೇಳಿ?”

ಅವನ ಉತ್ತರಕ್ಕೆ ಕಾಯದೆ ಹೊರಟುಹೋದಳು.

ಆ ದಿನ ಬಸ್ಸಿನಲ್ಲಿ ವಾಕ್‌ಮನ್ ಬ್ಯಾಗಿನೊಳಗೇ ಇತ್ತು. ಅವನು ನನ್ನನ್ನು ಪರೀಕ್ಷೆ ಮಾಡಿದನಾ? ಗೆಳೆಯರ ಜೊತೆ ಓದಿಕೊಂಡು ನಕ್ಕನಾ? ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಬೇರೆಯೇ. ನುಡಿಸಿದವನು ಯಾರನ್ನೋ ಪ್ರೀತಿಸುತ್ತಿದ್ದಾನೆ ಎಂದು ಬರೆಯುವಾಗ ಅವಳ ಮನಸ್ಸಿನಲ್ಲಿದ್ದವನು ಜ್ಞಾನೇಶನೇ. ತನ್ನ ಆಸೆಯನ್ನೇ ರಾಗದಲ್ಲಿ ಕೇಳಿಸಿಕೊಂಡು ಊರಿಗೆಲ್ಲ ಸಾರಿಬಿಟ್ಟೆನೇ... ಅವಳು ಮೂರು ದಿನ ಒಂದು ಹಾಡೂ ಕೇಳಲಿಲ್ಲ, ಉತ್ತರವನ್ನೂ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ವಾರ್ಟರ್ಸಿನ ಗೇಟಿನ ಮುಂದೆ ಜ್ಞಾನೇಶ್ ನಿಂತಿದ್ದ.

ಅಡುಗೆಮನೆಯ ಕಿಟಕಿಯಿಂದ ಅವನನ್ನು ಕಂಡ ಮೈತ್ರಿ, ತಾನಿಲ್ಲವೆಂದು ಹೇಳಲು ಅಮ್ಮ ದ್ಯಾಮಮ್ಮನಿಗೆ ಕೈಸನ್ನೆ ಮಾಡಿದಳು. ಅಷ್ಟರಲ್ಲಿ ಧರ್ಮಪ್ಪ ಅವನನ್ನು ಕರೆದು ಜಗಲಿಯ ಮೇಲೆ ಕೂರಿಸಿಯಾಗಿತ್ತು. ಜ್ಞಾನೇಶ್ ತನ್ನ ಎಂದಿನ ಮೆಲುದನಿಯಲ್ಲಿ ಶುರುಮಾಡಿದ. ಧರ್ಮಪ್ಪ ಕಿವಿಯ ಹಿಂದೆ ಕೈ ಇಟ್ಟುಕೊಂಡ. ಚಿಕ್ಕವನಿದ್ದಾಗ ಬಂದ ಜ್ವರದಿಂದ ಅವನಿಗೆ ಕಿವಿ ಮಂದ, ಸ್ವಲ್ಪ ಜೋರಾಗಿ ಹೇಳಬೇಕು. ಇನ್ನೂ ಜೋರಾಗಿ. ಇನ್ನೂ...

ಹುಟ್ಟಿದಾಗಿನಿಂದ ದನಿಯೆತ್ತಿ ಮಾತಾಡದ ಹುಡುಗ ಎದ್ದು ನಿಂತು ಕೂಗಿದ.

“ನಿಮ್ಮ ಮಗಳ ಕ್ಯಾಸೆಟ್ಟಲ್ಲಿ ನಾನು ನುಡಿಸಿದ್ದನ್ನ ಹಾಕಿಬಿಟ್ಟೆ! ಹೇಳ್ಳಿಲ್ಲ! ಅವರ ತಪ್ಪಿಲ್ಲ, ತಪ್ಪು ನಂದು! ಪೇಪರಿಗೂ ಹಂಗೇ ಬರ್ಕೊಟ್ಟಿದ್ದೀನಿ, ಅಂಗಡಿ ಹೆಸರು ಹಾಕಿ!”

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಮನೆಯ ಸರಸ್ವತಿ ರೇಡಿಯೋ ಸಣ್ಣ ಮಾಡಿದಳು. ದ್ಯಾಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಏನು ಮಾರಾಯ್ತಿ ಇದು ಎಂದು ಮಗಳ ಮುಖ ನೋಡಿದಳು.

“ಯಾಕೆ ಹಾಕ್ದೆ?” ಕೇಳಿದ ಧರ್ಮಪ್ಪ.

ಜ್ಞಾನೇಶ್ ಒಂದು ಸಲ ಅಡುಗೆಮನೆಯ ಕಿಟಕಿಯ ಕಡೆ ನೋಡಿದ.

“ಅವರಂದ್ರೆ ನಂಗೆ ಇಷ್ಟ!” ಎಂದು ಕೂಗಿ, ತನ್ನ ದನಿಗೆ ತಾನೇ ಬೆಚ್ಚಿ, ಪಿಸುದನಿಗೆ ಇಳಿದ. “ಬಾಯಲ್ಲಿ ಹೇಳೋಕೆ ಬರ್ಲಿಲ್ಲ.”

“ಮೊದಲಿಂದು ಕೇಳಿಸ್ತು,” ಅಂದ ಧರ್ಮಪ್ಪ.

ಆಮೇಲೆ, ನಿಮ್ಮ ಮನೆಯಲ್ಲಿ ಗೊತ್ತಾ ಎಂದು ಕೇಳಿದ. ಬೆಳಿಗ್ಗೆ ಹೇಳಿಯೇ ಬಂದೆ ಅಂದ ಜ್ಞಾನೇಶ್. ಅಪ್ಪ ಮಾತು ಬಿಟ್ಟಿದ್ದಾರೆ, ಅಮ್ಮ ತಿಂಡಿ ತಿಂದುಕೊಂಡು ಹೋಗು ಅಂದರು. ಧರ್ಮಪ್ಪನ ಮೀಸೆಯಡಿ ಸಣ್ಣ ನಗು ಹಾದುಹೋಯಿತು. ಟೀ ಇಡುವಂತೆ ಹೆಂಡತಿಗೆ ಹೇಳಿ, ಒಳಗಿದ್ದ ಮಗಳನ್ನು ಕೂಗಿದ.

“ಮಾತಾಡಬೇಕು ಅನ್ನಿಸಿದ್ರೆ ಬಾ ಮಗಾ. ಬೇಡ ಅನ್ನಿಸಿದ್ರೆ ಟೀ ಕುಡಿಸಿ ಕಳಿಸ್ತೀನಿ.”

ಮೈತ್ರಿ ಬಾಗಿಲಿಗೆ ಬಂದು ನಿಂತಳು. ಅಳು ಬಂದಿತ್ತು, ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅವಳಿಗೆ ತಿಳಿಯಬೇಕಿದ್ದದ್ದು ಒಂದೇ.

“ನಾನು ಬರೆದಿದ್ರಲ್ಲಿ ಎಷ್ಟು ತಪ್ಪಿದೆ?”

“ಬ್ಯಾಂಡಿನ ಹೆಸರೊಂದು ತಪ್ಪು.” ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. “ಉಳಿದಿದ್ದೆಲ್ಲ ಸರಿ ಇದೆ, ಮೈತ್ರಿ.”

ಮೊದಲ ಸಲ ಅವನು ಮೇಡಂ ಅನ್ನಲಿಲ್ಲ. ಅವಳು ತಾನು ಬರೆದದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡಳು, ಒಂದೊಂದೇ ಸಾಲು. ಅವಳ ಕಿವಿ ಸುಳ್ಳು ಹೇಳಿರಲಿಲ್ಲ. ನಾಲ್ಕು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದುಹೋಗಿ, ಬೆಳಗಿನ ಬಿಸಿಲು, ನಲ್ಲಿಯ ನೀರಿನ ಸದ್ದು, ಎದುರಿಗೆ ಬೆವರುತ್ತ ನಿಂತ ಈ ಹುಡುಗ, ಎಲ್ಲವೂ ಕನಸಿನಲ್ಲಿ ಕಂಡಂತೆ ಕಂಡಿತು.

“ಹಾಗಾದ್ರೆ ತಿದ್ದಬೇಕಾಗಿರೋದು ಒಂದೇ ಸಾಲು,” ಅಂದಳು ಕಣ್ಣೊರೆಸಿಕೊಂಡು. “ಯಾರದು ಅಂತ ವಿಚಾರಿಸದೆ ಬರೆದಿದ್ದು ನನ್ನ ತಪ್ಪು ಅಂತ ಹಾಕ್ತೀನಿ. ನುಡಿಸಿದವರ ಹೆಸರು ಹಾಕ್ತೀನಿ. ಕೆಳಗೆ ನನ್ನ ಹೆಸರು ಪೂರ್ತಿ ಹಾಕ್ತೀನಿ.”

“ಯಾರಿಗೋಸ್ಕರ ನುಡಿಸಿದ್ದು ಅಂತ?”

“ಅದನ್ನ ಬರೆಯಲ್ಲ. ತಿಳ್ಕೋಬೇಕು ಅನ್ನೋರು ಪತ್ರ ಬರೆದು ಕೇಳ್ಲಿ.”

“ಕೇಳಿದ್ರೆ ಏನಂತ ಉತ್ತರ ಹಾಕ್ತೀರಿ?”

ಮೈತ್ರಿ ತಲೆ ತಗ್ಗಿಸಿದಳು. ಅಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ, ಅವನೊಬ್ಬನಿಗೇ ಕೇಳಿಸುವ ಹಾಗೆ ಹೇಳಿದಳು.

“ಅವಳು ಒಪ್ಪಿದ್ಲು ಅಂತ.”