ಕೈ ಕೊಟ್ಟ ಬ್ಯಾಟರಿಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಫೋನು ಬಡಿದುಕೊಂಡಿತು. ಎತ್ತಿದವರು ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವರನ್ನು ಮೀಸೆ ಎಂದೇ ಕರೆಯುತ್ತಿದ್ದರು. ಮೀಸೆ ಬೋಳಿಸಿ ಬಹಳ ಕಾಲವಾಗಿದ್ದರೂ ಹೆಸರು ಮಾತ್ರ ಉಳಿದುಕೊಂಡಿತ್ತು.

"ನಮ್ಮ ಅಂಗಡೀಲಿ ಬ್ಯಾಟರಿ ಕಳ್ಳತನ ಆಗಿದೆ ಸಾರ್" ಎಂದಿತು ಆ ಕಡೆಯ ದನಿ.

"ಹೊಸದೋ ಹಳೇದೋ?"

"ಹೊಸದು. ಒಳ್ಳೇ ಭಾರದ್ದು."

"ಬಂದು ಬರೆದುಕೊಡಿ" ಎಂದು ಮೀಸೆ ಫೋನಿಟ್ಟರು. ಭಾರದ ಬ್ಯಾಟರಿ ಎಂದ ಕೂಡಲೇ ಅವರ ತಲೆಯಲ್ಲಿ ಕೇಸು ಅರ್ಧ ಮುಗಿದಿತ್ತು. ಸ್ಕೂಟರು, ಕಾರುಗಳ ಬ್ಯಾಟರಿ ಬಿಚ್ಚುವುದರಲ್ಲಿ ಪಳಗಿದವನು ಊರಿಗೆ ಒಬ್ಬನೇ ಇದ್ದ, ಆಸಿಡ್ ಅಂತ. ಮುಕ್ಕಾಲು ಗಂಟೆಯೊಳಗೆ ಅವನು ಠಾಣೆಯ ಬೆಂಚಿನ ಮೇಲಿದ್ದ, ಮುಖ ಊದಿಸಿಕೊಂಡು.

ದೂರುದಾರ ಬಂದಾಗ ಇನ್ಸ್‌ಪೆಕ್ಟರ್ ಕೂಡ ಬಂದಿದ್ದರು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ ಎನ್ನುವಂಥ ಹೆಂಗಸು. ದೂರುದಾರ ವಿದ್ಯುತ್ ಸಾಮಾನಿನ ಅಂಗಡಿಯ ಮಾಲೀಕ. ಆತ ಬೆಂಚಿನ ಮೇಲಿದ್ದವನನ್ನು ನೋಡಿ, "ಇವನ್ಯಾಕೆ ಇಲ್ಲಿ?" ಎಂದ.

"ನಿಮ್ಮ ಬ್ಯಾಟರಿಗೇ ರೀ" ಎಂದರು ಮೀಸೆ.

"ನಾನು ಹೇಳಿದ್ದು ಕೈಯಲ್ಲಿ ಹಿಡ್ಕೊಳ್ಳೋ ಬ್ಯಾಟರಿ ಸಾರ್. ಟಾರ್ಚು. ಸೆಲ್ಲು ಹಾಕೋದು."

ಬೆಂಚಿನಿಂದ ಆಸಿಡ್ ನಿಧಾನವಾಗಿ ಎದ್ದ. "ಟಾರ್ಚ್ ಕದಿಯೋ ಮಟ್ಟಕ್ಕೆ ನಾನಿನ್ನೂ ಇಳಿದಿಲ್ಲ ಮೇಡಂ. ಮರ್ಯಾದೆ ಪ್ರಶ್ನೆ."

ಅವನನ್ನು ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ಮೀಸೆ ಫೈಲುಗಳ ಹಿಂದೆ ಏನನ್ನೋ ಹುಡುಕುವವರಂತೆ ಬಗ್ಗಿದರು.

ಮಾಲೀಕ ಚೀಲ ಬಿಚ್ಚಿ ಐದು ಟಾರ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಅವನ ಹೇಳಿಕೆ ಹೀಗಿತ್ತು: ಕಳೆದ ತಿಂಗಳಿಂದ ಅಂಗಡಿಯ ರ‍್ಯಾಕಿನಿಂದ ಟಾರ್ಚುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ನಾಲ್ಕಾರು ದಿನ ಬಿಟ್ಟು ತಾವಾಗಿಯೇ ಅದೇ ರ‍್ಯಾಕಿಗೆ ವಾಪಸು ಬರುತ್ತಿವೆ. ಬರುವಾಗ ಜಜ್ಜಿಕೊಂಡು, ಗಾಜು ಬಿರಿದು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುತ್ತವೆ. ಹೋದ ವಾರ ಹೋದ ಆರನೆಯದು ಮಾತ್ರ ಬಂದಿಲ್ಲ.

"ಕದ್ರೆ ಕದೀಲಿ ಮೇಡಂ, ಅಂಟಿಸಿರೋದನ್ನ ಓದಿ. ಗಿರಾಕಿಗಳು ಇದನ್ನ ಓದ್ಕೊಂಡು, ನಕ್ಕು, ಬರಿಗೈಲಿ ಹೋಗ್ತಿದಾರೆ."

ಒಂದೊಂದು ಟಾರ್ಚಿನ ಮೈಮೇಲೂ ಬಿಳಿ ಪಟ್ಟಿಯೊಂದು ಇತ್ತು. ಹೊಳೆಯುವ ದೊಡ್ಡ ಟಾರ್ಚಿನ ಮೇಲೆ 'ಬಾಯಿಬಡುಕ' ಎಂದು ಬರೆದಿತ್ತು. ಹಳದಿ ರಬ್ಬರಿನದರ ಮೇಲೆ 'ಮೈ ಗಟ್ಟಿ, ಜೀವ ಇಲ್ಲ'. ಮೂರನೆಯದು 'ನೀರು ಕಂಡರೆ ಕಣ್ಣು ಮುಚ್ಚುತ್ತೆ'. ನಾಲ್ಕನೆಯದು 'ಸೆಲ್ಲುಬಾಕ'. ಐದನೆಯ ಟಾರ್ಚಿನ ಮೇಲಿನ ಅಕ್ಷರಗಳು ಕಾಗದ ಹರಿಯುವಷ್ಟು ಒತ್ತಿ ಬರೆದಂಥವು: 'ಕೈ ಕೊಟ್ಟಿತು'.

ಇನ್ಸ್‌ಪೆಕ್ಟರಿಗೆ ನಗು ಬಂತು. ಆದರೆ ಐದನೆಯದನ್ನು ಓದಿದ ಮೇಲೆ ಅದು ಹಾಗೇ ನಿಂತಿತು. ಐದೂ ಟಾರ್ಚುಗಳನ್ನು ಬಿಚ್ಚಿ ನೋಡಿದರು. ಮುಚ್ಚಳದ ತಿರುಪಿನ ಸಂದಿಯಲ್ಲಿ ಕಪ್ಪಗೆ ಏನೋ ಕೂತಿತ್ತು. ಕರವಸ್ತ್ರಕ್ಕೆ ಉಜ್ಜಿದರು. ಮಸಿ. ಒಲೆಯ ಮಸಿಯಷ್ಟು ಹಗುರವಲ್ಲ, ಮರಳಿನಂತೆ ತರಿತರಿ.

"ಇದು ಕಳ್ಳತನಕ್ಕಿಂತ ಹೆಚ್ಚಾಗಿ ಪರೀಕ್ಷೆ ಇದ್ದಂಗಿದೆ" ಎಂದರು. "ಐದು ಫೇಲು. ಆರನೇದು ಪಾಸಾಗಿದೆ, ಅದಕ್ಕೇ ವಾಪಸು ಬಂದಿಲ್ಲ."

"ಯಾಕೆ ಮೇಡಂ ಪರೀಕ್ಷೆ?" ಎಂದರು ಮೀಸೆ.

"ಅದೇ ತಲೆ ತಿಂತಿರೋದು."

ಹನ್ನೊಂದೂವರೆಗೆ FIR ದಾಖಲಾಯಿತು: ಟಾರ್ಚ್ ಒಂದರ ಕಳವು, ಐದಕ್ಕೆ ಹಾನಿ. ಆರೋಪಿ ಅಪರಿಚಿತ.

ಸ್ಥಳ ಪಂಚನಾಮೆಗೆ ಅಂಗಡಿ ತಲುಪಿದಾಗ ಹನ್ನೆರಡು ದಾಟಿತ್ತು. ಪಕ್ಕದ ಕನ್ನಡಕದ ಅಂಗಡಿಯವನೂ ಎದುರಿನ ಕ್ಷೌರಿಕನೂ ಪಂಚರು. ಉದ್ದನೆಯ, ಕಿರಿದಾದ ಅಂಗಡಿ. ಬಾಗಿಲಿನ ಬೀಗ, ಕಿಟಕಿಯ ಸರಳು ಎಲ್ಲ ಭದ್ರವಾಗಿದ್ದವು. ರ‍್ಯಾಕಿನ ಕೆಳಗೆ ಏನಾದರೂ ಬಿದ್ದಿದೆಯೇ ನೋಡಲು ಮೀಸೆ ನೆಲಕ್ಕೆ ಮಲಗಿ ಠಾಣೆಯ ಟಾರ್ಚನ್ನು ಒತ್ತಿದರು. ಅದು ಒಮ್ಮೆ ಕೆಂಪಗೆ ಕಣ್ಣು ಬಿಟ್ಟು, ಆರಿಹೋಯಿತು.

ಮೇಲಿನಿಂದ ಹೆಂಗಸಿನ ನಗು ಕೇಳಿಸಿತು. "ಚಾರ್ಜಿಂದಾ ಸಾರ್?"

ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವ ಹೆಂಗಸು ಅವರು. ವಯಸ್ಸು ನಲವತ್ತರ ಆಸುಪಾಸು. ಮಾಲೀಕನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಅಕ್ಕ. "ಅಕ್ಕ ಇಲ್ದಿದ್ರೆ ನನ್ನ ಅಂಗಡಿಗೆ ಕಣ್ಣೇ ಇಲ್ಲ ಮೇಡಂ" ಎಂದ ಮಾಲೀಕ, ಯಾರೂ ಕೇಳದೆ.

ಇನ್ಸ್‌ಪೆಕ್ಟರ್ ಕಳವಿನ ಮಾತೇ ಎತ್ತಲಿಲ್ಲ. "ಅಕ್ಕಾ, ನಮ್ಮ ಟಾರ್ಚಿನ ಗತಿ ನೋಡಿದ್ರಲ್ಲ. ಠಾಣೆಗೆ ಒಂದು ಒಳ್ಳೇದು ಬೇಕು. ಯಾವುದು ತಗೊಳ್ಳಲಿ?"

ಅಕ್ಕನ ಮುಖ ಅರಳಿತು. ತನಗೆ ಗೊತ್ತಿರುವುದನ್ನು ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ ಮಾತು ಶುರುವಾಯಿತು.

"ಚಾರ್ಜಿಂದು ಬೇಡ. ಚಾರ್ಜ್ ಮಾಡ್ಬೇಕಾದೋರು ಮರೀತಾರೆ, ಹಿಡ್ಕೊಂಡೋರು ಸಾಯ್ತಾರೆ. ಎಲ್ಲಾ ಮನೇಲೂ ಇರೋ ಸೆಲ್ಲು ಹಾಕೋದು ತಗೊಳ್ಳಿ. ಗಡಿಯಾರದಿಂದ, ರಿಮೋಟಿಂದ ಕಿತ್ತು ಹಾಕಿದ್ರೂ ನಡೀಬೇಕು. ಜೇಬಲ್ಲಿ ಇನ್ನೊಂದು ಜೊತೆ ಇಟ್ಕೋಬಹುದು."

"ಬೆಳಕು ಜಾಸ್ತಿ ಯಾವುದಕ್ಕೆ? ಇದಾ?" ಇನ್ಸ್‌ಪೆಕ್ಟರ್ ದೊಡ್ಡ ಡಬ್ಬಿಯೊಂದನ್ನು ತೋರಿಸಿದರು.

"ಅದು ಮೊದಲು ಹಗಲು ಮಾಡುತ್ತೆ, ಸ್ವಲ್ಪ ಹೊತ್ತಿಗೆ ಮಿಣುಕು ಹುಳ. ಮೊದಲನೇ ಬೆಳಕು ನೋಡಿ ಮರುಳಾಗಬಾರದು ಮೇಡಂ, ಕೊನೇ ಬೆಳಕು ನೋಡಬೇಕು. ಗುಂಡಿ ಮೈಯೊಳಗೆ ಹುದುಗಿರಬೇಕು, ಎದ್ದು ನಿಂತಿರಬಾರದು. ಮುಚ್ಚಳದಲ್ಲಿ ರಬ್ಬರ್ ಬಳೆ ಇರಬೇಕು, ಇಲ್ದಿದ್ರೆ ನೀರು ಹೋಗುತ್ತೆ."

"ಇದರ ಮೇಲೆ 'ಬಿದ್ದರೂ ಒಡೆಯುವುದಿಲ್ಲ' ಅಂತ ಬರೆದಿದೆ."

"ಬೀಳೋದೇ ಬೇರೆ, ಕಬ್ಬಿಣದ ಏಣಿಗೆ ತಟ್ಟಿಸ್ಕೊಂಡು ತಟ್ಟಿಸ್ಕೊಂಡು ಬೀಳೋದೇ ಬೇರೆ. ಇನ್ನೊಂದು, ಕಣ್ಣು ಮುಚ್ಕೊಂಡು ಸೆಲ್ಲು ಬದಲಾಯಿಸೋಕಾಗಬೇಕು. ಯಾವ ಕಡೆ ಮೂತಿ, ಯಾವ ಕಡೆ ಬುಡ ಅಂತ ಬೆರಳಿಗೇ ಗೊತ್ತಾಗಬೇಕು."

"ಕಣ್ಣು ಮುಚ್ಕೊಂಡು ಯಾರು ಬದಲಾಯಿಸ್ತಾರೆ ಅಕ್ಕಾ?"

ಅಕ್ಕ ತಡವರಿಸಿದರು. "ಕರೆಂಟು ಹೋದಾಗ."

"ಕರೆಂಟು ಹೋದಾಗ ಕಬ್ಬಿಣದ ಏಣಿ ಹತ್ತೋರು ಯಾರು?"

ಬಲ್ಬು ಕೇಳಿಕೊಂಡು ಗಿರಾಕಿಯೊಬ್ಬ ಬಂದ. ಅಕ್ಕ ಅವನ ಕಡೆಗೆ ತಿರುಗಿದರು. ಬಲ್ಬು ಹಚ್ಚಿ ತೋರಿಸಿದ ಮೇಲೂ ಈ ಕಡೆ ತಿರುಗಲಿಲ್ಲ.

ಹೊರಗೆ ಬಂದು ಇನ್ಸ್‌ಪೆಕ್ಟರ್ ಮಾಲೀಕನನ್ನು ಕೇಳಿದರು. "ಅಕ್ಕನ ಯಜಮಾನರು ಏನು ಕೆಲಸ?"

"ಬಟ್ಟೆಗೆ ಬಣ್ಣ ಹಾಕೋ ಮಿಲ್ಲಲ್ಲಿ. ಬಾಯ್ಲರ್ ಒಳಗೆ ಇಳಿದು ಮಸಿ ಕೆರೆಯೋದು. ಪಾಪ, ಅಲ್ಲೇನೋ ಆಗಿ ಮೂರು ತಿಂಗಳಿಂದ ಮನೇಲೇ ಇದ್ರು. ಇವತ್ತಿಂದ ಮತ್ತೆ ಹೋಗ್ತಿದಾರಂತೆ." ಹೇಳುತ್ತ ಹೇಳುತ್ತಲೇ ಅವನ ಬಾಯಿ ಹಾಗೇ ತೆರೆದುಕೊಂಡಿತು. "ಛೆ. ಅಕ್ಕ ಅಲ್ಲ ಬಿಡಿ ಮೇಡಂ."

"ಟಾರ್ಚ್ ಪರೀಕ್ಷೆ ಮಾಡಿ ಕೊಳ್ತೀನಿ ಅಂತ ಅಕ್ಕ ನಿಮ್ಮನ್ನ ಕೇಳಿದ್ರಾ?"

ಅವನು ಚಪ್ಪಲಿ ನೋಡಿಕೊಂಡ. "ಕೇಳಿದ್ರು. ಡಬ್ಬಿ ಒಡೆದ್ರೆ ಕೊಳ್ಳಲೇಬೇಕು ಅಂದೆ. ಎಲ್ಲರಿಗೂ ಅದೇ ಅಲ್ವಾ ಹೇಳೋದು?"

ಒಂದೂವರೆಗೆ ಮಿಲ್ಲು. ಬಾಯ್ಲರ್ ನಿಲ್ಲಿಸಿ, ಆರಿಸಿ, ಬಾಯಿ ತೆರೆದಿಟ್ಟಿದ್ದರು. ಮನುಷ್ಯ ಭುಜ ಸಣ್ಣ ಮಾಡಿಕೊಂಡು ತೂರಬಹುದಾದಷ್ಟು ಕಿರಿದಾದ ಬಾಯಿ. ಅದರೊಳಗೆ ಕಬ್ಬಿಣದ ಏಣಿ, ಏಣಿಯ ಕೆಳಗೆ ಕೊಳವೆಗಳ ನಡುವೆ ಕವಲೊಡೆದ ಸಂದಿಗಳು. ಬದಿಯಲ್ಲಿ ಮೇಲ್ವಿಚಾರಕ ಕುರ್ಚಿ ಹಾಕಿಕೊಂಡಿದ್ದ. ಇನ್ಸ್‌ಪೆಕ್ಟರ್ ಮೂರು ತಿಂಗಳ ಹಿಂದಿನ ಸಂಗತಿ ಕೇಳಿದಾಗ ಅವನು ಮೊದಲು "ಏನಿಲ್ಲ, ಸಣ್ಣ ವಿಷಯ" ಎಂದ. ಎರಡನೇ ಸಲ ಕೇಳಿದಾಗ ಬಾಯಿಬಿಟ್ಟ.

"ಅವನು ಇಳಿಯೋ ಮುಂಚೆ ನಾನು ಇಲ್ಲಿಂದ ಕೂಗಿ ಕೇಳ್ದೆ ಮೇಡಂ, ಬ್ಯಾಟರಿ ಇದ್ಯಾ ಅಂತ. ಇದೆ ಅಂದ."

"ನೀವು ಕೇಳಿದ್ದರ ಅರ್ಥ ಏನು?"

"ಚಾರ್ಜ್ ಇದ್ಯಾ ಅಂತ. ಫೋನಿಗೆಲ್ಲ ಹಾಗೇ ಕೇಳ್ತೀವಲ್ಲ."

"ಅವರು ಹೇಳಿದ್ದರ ಅರ್ಥ?"

ಮೇಲ್ವಿಚಾರಕ ಕತ್ತು ತುರಿಸಿಕೊಂಡ. "ಕೈಯಲ್ಲಿ ಟಾರ್ಚ್ ಇದೆ ಅಂತ."

ಮೀಸೆ ಗೋಡೆಯ ಕಡೆಗೆ ತಿರುಗಿದರು. ಬೆಳಿಗ್ಗೆಯಿಂದ ನಗೆಪಾಟಲಾಗಿದ್ದ 'ಬ್ಯಾಟರಿ' ಎಂಬ ಮಾತು ಇಲ್ಲಿ ಒಂದು ಜೀವಕ್ಕೇ ಸಂಚಕಾರ ತಂದಿತ್ತು. ಆ ದಿನ ಟಾರ್ಚು ಕೊಳವೆಗಳ ನಡುವೆ ಆರಿತ್ತು. ಮೇಲ್ವಿಚಾರಕ ಊಟಕ್ಕೆ ಹೋಗಿದ್ದ. ಒಳಗಿದ್ದ ಮನುಷ್ಯ ಏಣಿ ಯಾವ ಕಡೆ ಎಂದು ತಿಳಿಯದೆ ಮಸಿಯಲ್ಲಿ ತಡಕಾಡುತ್ತ, ಯಾರಾದರೂ ಕೈ ಕೊಡಿ ಎಂದು ಕೂಗಿಕೊಂಡಿದ್ದ. ಹೊರಗೆಳೆದಾಗ ಉಗುರುಗಳು ಕಿತ್ತುಹೋಗಿದ್ದವು.

"ಈಗ ಅವರೆಲ್ಲಿ?"

"ಒಳಗೆ. ಇವತ್ತು ಇಳಿದ್ರೆ ಕೆಲಸ, ಇಲ್ದಿದ್ರೆ ಇಲ್ಲ ಅಂತ ಮೇಲಿನವರು ಹೇಳಿದ್ರು."

ಇನ್ಸ್‌ಪೆಕ್ಟರ್ ಬಾಯಿಯ ಬಳಿ ಬಗ್ಗಿದರು. ಆಳದಲ್ಲಿ ಕಬ್ಬಿಣ ಕೆರೆಯುವ ಸದ್ದು. ಕೊಳವೆಗಳ ಹಿಂದಿನಿಂದ ಬೆಳ್ಳಗಿನ, ಗಟ್ಟಿಯಾದ ಬೆಳಕೊಂದು ಅತ್ತಿಂದಿತ್ತ ಓಡಾಡುತ್ತಿತ್ತು.

ಮೀಸೆ ಹೋಗಿ ಅಕ್ಕನನ್ನು ಕರೆತಂದರು. ಅವರು ಬಂದವರೇ ಯಾರ ಮುಖವನ್ನೂ ನೋಡದೆ ಬಾಯಿಯ ಅಂಚಿನಲ್ಲಿ ಮಂಡಿಯೂರಿ ಕುಳಿತರು.

"ಒಳಗಿರೋದು ಆರನೇ ಟಾರ್ಚಾ?" ಎಂದರು ಇನ್ಸ್‌ಪೆಕ್ಟರ್.

"ಅವರು ಹೊರಗೆ ಬರಲಿ ಮೇಡಂ. ಆಮೇಲೆ ಏನು ಬೇಕಾದ್ರೂ ಕೇಳಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ."

"ಕೂಗಿ ಕರೀಲಾ?" ಎಂದರು ಮೀಸೆ.

"ಬೇಡ ಸಾರ್. ಗಾಬರಿ ಆಗ್ತಾರೆ. ಪೂರ್ತಿ ಮುಗಿಸಿ ತಾವೇ ಬರಬೇಕು, ಆಗಲೇ ಅವರ ಭಯ ಹೋಗೋದು."

ಕಾಯ್ದರು. ಒಮ್ಮೆ ಒಳಗೆ ಏನೋ ಬಿದ್ದ ಶಬ್ದವಾಯಿತು, ಕಬ್ಬಿಣಕ್ಕೆ ಬಡಿದು ಬಡಿದು ಉರುಳಿದ ಶಬ್ದ. ಕೆರೆಯುವ ಸದ್ದು ನಿಂತಿತು. ಅಕ್ಕ ಇನ್ಸ್‌ಪೆಕ್ಟರರ ತೋಳನ್ನು ಹಿಡಿದುಕೊಂಡರು. ಹಿಡಿದದ್ದು ಅವರಿಗೆ ಗೊತ್ತಾಗಲಿಲ್ಲ, ಇನ್ಸ್‌ಪೆಕ್ಟರ್ ಬಿಡಿಸಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಬೆಳಕು ಮತ್ತೆ ಎದ್ದು ಗೋಡೆಯ ಮೇಲೆ ಹರಿದಾಡಿತು. ಕೆರೆಯುವ ಸದ್ದು ಮತ್ತೆ ಶುರುವಾಯಿತು.

ಎರಡು ಮುಕ್ಕಾಲಿಗೆ ಏಣಿಯ ಮೇಲೆ ಮಸಿ ಹಿಡಿದ ತಲೆಯೊಂದು ಕಾಣಿಸಿತು. ಗಂಡ ಹೊರಗೆ ಬಂದು, ಹೆಂಡತಿಯನ್ನೂ ಪೊಲೀಸರನ್ನೂ ನೋಡಿ ಅರ್ಥವಾಗದೆ ನಿಂತ. ಕೈಯಲ್ಲಿ ಟಾರ್ಚು ಉರಿಯುತ್ತಲೇ ಇತ್ತು. ಅಂದವಿಲ್ಲ, ಹೊಳಪಿಲ್ಲ, ಲೋಹದ ಮೈಯ ಸಾದಾ ಟಾರ್ಚು. ಅಂಚು ಜಜ್ಜಿತ್ತು.

"ಇವಳು ಕೊಂಡು ತಂದಿದ್ದು" ಎಂದ ಹೆಮ್ಮೆಯಿಂದ. "ಎರಡು ಸಲ ಬಿತ್ತು. ಏನೂ ಆಗಲಿಲ್ಲ."

ಅಕ್ಕ ತಲೆ ತಗ್ಗಿಸಿದರು. "ಕೊಂಡಿದ್ದಲ್ಲ ರೀ."

ಅಲ್ಲಿಯೇ, ಮೇಲ್ವಿಚಾರಕನ ಕುರ್ಚಿಯ ಪಕ್ಕದಲ್ಲಿ, ಹೇಳಿಕೆ ಪಡೆಯಲಾಯಿತು.

"ಉಳಿದ ಐದೂ ನೀವೇ ತಗೊಂಡು ಹೋಗಿದ್ದಾ?"

"ಹೌದು. ಊಟದ ಚೀಲದಲ್ಲಿ."

"ಪರೀಕ್ಷೆ ಎಲ್ಲಿ?"

"ಮನೆ ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲಿಂದ ಬಿಟ್ಟೆ. ಬಕೆಟ್ಟಲ್ಲಿ ಮುಳುಗಿಸ್ದೆ. ಇವರ ಕೆಲಸದ ಬಟ್ಟೆ ಕೊಡವಿದ ಮಸೀಲಿ ಹೂತಿಟ್ಟೆ."

"ಕೊಳ್ಳೋಕೆ ದುಡ್ಡಿರಲಿಲ್ವಾ?"

"ಒಂದಕ್ಕೆ ಇತ್ತು ಮೇಡಂ. ಆ ಒಂದು ಯಾವುದು ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ ಬಿಲ್ ಮಾಡಿಸಬಹುದಿತ್ತಲ್ಲ."

"ಜಜ್ಜಿರೋದನ್ನ ಹೆಂಗೆ ಬಿಲ್ ಮಾಡಿಸಲಿ? ಹೊಸದು ಕೊಂಡ್ರೆ ಅದು ಬೇರೇದು. ನಾನು ನೋಡಿರೋದು ಇದನ್ನ."

"ಹೆಸರಿಟ್ಟು ವಾಪಸು ಇಟ್ಟಿದ್ದು ಯಾಕೆ? ಸುಮ್ಮನೆ ಬಿಸಾಡಿದ್ರೆ ಯಾರಿಗೂ ತಿಳೀತಿರಲಿಲ್ಲ."

ಅಕ್ಕ ಮೊದಲ ಸಲ ತಲೆ ಎತ್ತಿದರು. "ಅವನ್ನೆಲ್ಲ ಚೆನ್ನಾಗಿದೆ ಅಂತ ಹೇಳಿ ಹೇಳಿ ಮಾರಿದೋಳು ನಾನೇ ಮೇಡಂ. ಇನ್ನೊಬ್ಬರ ಮನೆಯೋರು ಅದನ್ನ ಹಿಡ್ಕೊಂಡು ಎಲ್ಲಾದ್ರೂ ಇಳಿದ್ರೆ?"

ಗಂಡ ಬಾಯ್ಲರ್‌ಗೆ ಒರಗಿ ಕುಸಿದು ಕುಳಿತ. ಮಸಿಯ ಮುಖದ ಮೇಲೆ ಎರಡು ಗೆರೆ ಇಳಿದವು.

ಮೂರೂವರೆಗೆ ಬಂಧನ. ಬಂಧನದ ವಿಷಯವನ್ನು ಗಂಡನಿಗೆ ಬರಹದಲ್ಲಿ ತಿಳಿಸಲಾಯಿತು. ಕಾನೂನಿನ ಕಣ್ಣಿನಲ್ಲಿ ಕಳವು ಕಳವೇ, ಇನ್ಸ್‌ಪೆಕ್ಟರರು ಅದರಲ್ಲಿ ಏನನ್ನೂ ಸಡಿಲಿಸಲಿಲ್ಲ. ಆದರೆ ಹೊರಡುವ ಮುಂಚೆ, ಮೂರು ತಿಂಗಳ ಹಿಂದಿನ ಆ 'ಸಣ್ಣ ವಿಷಯ'ದ ಬಗ್ಗೆ ಮರುದಿನ ಠಾಣೆಗೆ ಬರಬೇಕೆಂದು ಮೇಲ್ವಿಚಾರಕನ ಕೈಗೂ ಒಂದು ನೋಟಿಸು ಕೊಟ್ಟರು.

ಜಪ್ತಿ ಪಂಚನಾಮೆ ಬರೆಯುವಾಗ ಮೀಸೆ ಟಾರ್ಚಿನ ಗುಂಡಿಯ ಮೇಲೆ ಬೆರಳಿಟ್ಟರು.

"ಆರಿಸಬೇಡಿ ಸಾರ್" ಎಂದರು ಅಕ್ಕ. "ಬೆಳಿಗ್ಗೆಯಿಂದ ಒಂದೇ ಜೊತೆ ಸೆಲ್ಲಲ್ಲಿ ಉರೀತಿದೆ. ಎಷ್ಟು ಹೊತ್ತು ಬರುತ್ತೆ ಅನ್ನೋದೊಂದು ನೋಡೋಕಾಗಿಲ್ಲ ನನಗೆ."

ಮೀಸೆ ಇನ್ಸ್‌ಪೆಕ್ಟರರನ್ನು ನೋಡಿದರು. ಅವರು ಬೇಡವೆಂಬಂತೆ ತಲೆಯಾಡಿಸಿದರು. 'ಜಪ್ತಿಯ ಕಾಲಕ್ಕೆ ವಸ್ತು ಉರಿಯುತ್ತಿತ್ತು' ಎಂದು ಬರೆದು, ಬಟ್ಟೆ ಸುತ್ತಿ, ಅರಗಿನ ಮೊಹರು ಹಾಕಿದರು. ಬಟ್ಟೆಯೊಳಗಿಂದಲೂ ಬೆಳಕು ಕಾಣುತ್ತಿತ್ತು.

ಮರುದಿನ ಹನ್ನೊಂದಕ್ಕೆ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಜಾಮೀನಿಗೆ ಸಹಿ ಹಾಕಿದವನು ದೂರು ಕೊಟ್ಟ ಮಾಲೀಕನೇ. ಮೆಟ್ಟಿಲ ಬಳಿ ಅಕ್ಕ ಇನ್ಸ್‌ಪೆಕ್ಟರರನ್ನು ತಡೆದರು. ಕೇಸಿನ ಬಗ್ಗೆ ಏನೂ ಕೇಳಲಿಲ್ಲ.

"ಎಷ್ಟು ಹೊತ್ತಿಗೆ ಆರಿತು ಮೇಡಂ?"

"ಈಗ ಬರೋವಾಗ ಠಾಣೆಯ ಜಪ್ತಿ ಕೋಣೆ ಬಾಗಿಲು ತೆಗೆದು ನೋಡ್ದೆ" ಎಂದರು ಇನ್ಸ್‌ಪೆಕ್ಟರ್. "ಮಂಕಾಗಿದೆ. ಏಣಿ ಕಾಣೋಷ್ಟಿದೆ."

ಬಂಧನದಲ್ಲೂ ಕಟಕಟೆಯಲ್ಲೂ ಅಳದ ಹೆಂಗಸು ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು.